‘ಹೃದಯದ ಗೋಡೆ ದಪ್ಪವಾಗಿದೆ’ ಎಂದು ವರದಿ ಬಂದರೆ: ಹಂತ ಹಂತವಾಗಿ ಏನು ಮಾಡಬೇಕು

ಎಕೋ ಪರೀಕ್ಷೆ (ಹೃದಯದ ಸ್ಕ್ಯಾನ್) ಮಾಡಿಸಿಕೊಂಡು ಮಡಿಕೇರಿಯಿಂದಲೋ ವಿರಾಜಪೇಟೆಯಿಂದಲೋ ಮನೆಗೆ ಮರಳಿದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ‘ಬ್ಲಾಕ್ ಏನೂ ಇಲ್ಲವಂತೆ, ಆದರೆ ಹೃದಯದ ಗೋಡೆ ದಪ್ಪವಾಗಿದೆಯಂತೆ. ಇದು ಕೊಬ್ಬಿನಿಂದ ಬಂದದ್ದೇ? ಮಾಂಸ, ಎಣ್ಣೆ ಬಿಟ್ಟರೆ ಇಳಿಯುತ್ತದೆಯೇ?’ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ವೈದ್ಯರ ಮುಂದೆ ಕುಳಿತಾಗ ಏನು ಕೇಳಬೇಕು, ಏನು ಹೇಳಬೇಕು ಎಂಬ ಸಿದ್ಧತೆ ಮಾತ್ರ.

ಉತ್ತರದ ಮೊದಲ ಭಾಗ ಚಿಕ್ಕದು. ಇದು ಕೊಬ್ಬಲ್ಲ. ರಕ್ತನಾಳದ ಬ್ಲಾಕೂ ಅಲ್ಲ. ಹೃದಯದ ಸ್ನಾಯುವೇ, ರಕ್ತದೊತ್ತಡದಂತಹ ಹೊರಗಿನ ಕಾರಣವಿಲ್ಲದೆ, ಅಸಹಜವಾಗಿ ದಪ್ಪಗಾಗುವ ಕಾಯಿಲೆಗೆ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಎಂದು ಹೆಸರು; ವರದಿಗಳಲ್ಲಿ ಎಚ್‌ಸಿಎಂ ಎಂದು ಚಿಕ್ಕದಾಗಿ ಬರೆದಿರುತ್ತಾರೆ. ಸ್ನಾಯುವಿನ ಎಳೆಗಳಲ್ಲಿರುವ ಪ್ರೋಟೀನುಗಳನ್ನು ರೂಪಿಸುವ ವಂಶವಾಹಿಯಲ್ಲಿನ ದೋಷವೇ ಇದಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ. 1958ರಲ್ಲಿ ಲಂಡನ್ನಿನ ರೋಗಶಾಸ್ತ್ರಜ್ಞ ಡೊನಾಲ್ಡ್ ಟಿಯರ್ ಅವರು, ಹಠಾತ್ತನೆ ತೀರಿಕೊಂಡ ಎಳೆಯರ ಹೃದಯಗಳನ್ನು ಪರೀಕ್ಷಿಸಿ ಇದನ್ನು ಸ್ಪಷ್ಟವಾಗಿ ವಿವರಿಸಿದರು. ಸುಮಾರು 500 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆಂಬುದು ತಜ್ಞರು ಸಾಮಾನ್ಯವಾಗಿ ಕೊಡುವ ಅಂದಾಜು. ಅವರಲ್ಲಿ ಬಹುಮಂದಿ ಸಹಜ ಆಯುಸ್ಸನ್ನೇ ಬಾಳುತ್ತಾರೆ, ಕೆಲವರಿಗೆ ಕಾಯಿಲೆ ಇರುವುದೇ ತಿಳಿಯುವುದಿಲ್ಲ. ಆದ್ದರಿಂದ ವರದಿ ಕಂಡು ಎದೆಗುಂದಬೇಕಾಗಿಲ್ಲ. ಹಾಗೆಂದು ಅದನ್ನು ಬೀರುವಿನಲ್ಲಿಟ್ಟು ಮರೆಯುವಂತೆಯೂ ಇಲ್ಲ.

ಮೊದಲು ಕೈಯಲ್ಲಿರಬೇಕಾದವು

ಎಕೋ ವರದಿಯ ಎಲ್ಲ ಪುಟಗಳು, ಇಸಿಜಿಯ ಮೂಲ ಪ್ರತಿ (ಅದರ ಮುದ್ರಣ ಮಾಸುವುದರಿಂದ ಫೋಟೋ ತೆಗೆದಿಡಿ), ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಹಾಗೂ ಒಂದು ನೋಟ್‌ಬುಕ್. ನೋಟ್‌ಬುಕ್ ಯಾತಕ್ಕೆಂಬುದು ಮುಂದೆ ತಿಳಿಯುತ್ತದೆ.

ಹಂತ 1: ವರದಿಯಲ್ಲಿ ಐದು ಸಾಲುಗಳನ್ನು ಹುಡುಕಿ

ಮಾದರಿಗೆ ಒಂದು ವರದಿಯನ್ನು ಹೀಗೆ ಊಹಿಸಿಕೊಳ್ಳಿ: ‘ಐವಿಎಸ್ 19 ಮಿ.ಮೀ., ಪಿಡಬ್ಲ್ಯೂ 11 ಮಿ.ಮೀ., ಎಸ್‌ಎಎಂ ಇದೆ, ಎಲ್‌ವಿಒಟಿ ಗ್ರೇಡಿಯಂಟ್ ವಿಶ್ರಾಂತಿಯಲ್ಲಿ 24, ವಲ್ಸಾಲ್ವಾದಲ್ಲಿ 62, ಇಎಫ್ 70 ಶೇ.’

ಐವಿಎಸ್ ಎಂದರೆ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆ. ಪಿಡಬ್ಲ್ಯೂ ಎಂದರೆ ಎಡ ಕೋಣೆಯ ಹಿಂಭಾಗದ ಗೋಡೆ. ವಯಸ್ಕರಲ್ಲಿ ಇವು ಸಾಮಾನ್ಯವಾಗಿ 11–12 ಮಿ.ಮೀ. ಮೀರುವುದಿಲ್ಲ. ಬೇರೆ ಕಾರಣವಿಲ್ಲದೆ ಎಡ ಕೋಣೆಯ ಯಾವುದೇ ಭಾಗದ ಗೋಡೆ 15 ಮಿ.ಮೀ. ಅಥವಾ ಹೆಚ್ಚು ದಪ್ಪವಾಗಿದ್ದರೆ ಎಚ್‌ಸಿಎಂ ಎಂದು ಪರಿಗಣಿಸುತ್ತಾರೆ. ಕುಟುಂಬದಲ್ಲಿ ಈಗಾಗಲೇ ಒಬ್ಬರಿಗೆ ಈ ಕಾಯಿಲೆ ಖಚಿತವಾಗಿದ್ದರೆ 13 ಮಿ.ಮೀ. ಸಾಕು. ಮೇಲಿನ ಉದಾಹರಣೆಯಲ್ಲಿ ಹಿಂಭಾಗದ ಗೋಡೆ ಸರಿಯಿದ್ದು ನಡುಗೋಡೆ ಮಾತ್ರ ಉಬ್ಬಿರುವುದನ್ನು ಗಮನಿಸಿ. ಹೀಗೆ ಒಂದೇ ಕಡೆ ದಪ್ಪವಾಗುವುದು ಈ ಕಾಯಿಲೆಯ ಸಾಮಾನ್ಯ ಲಕ್ಷಣ.

ಗ್ರೇಡಿಯಂಟ್ ಎಂಬ ಸಂಖ್ಯೆಯನ್ನು ತೋಟದವರಿಗೆ ವಿವರಿಸುವುದು ಸುಲಭ. ಫೆಬ್ರವರಿ–ಮಾರ್ಚಿನಲ್ಲಿ ಕಾಫಿ ಹೂವಿಗೆಂದು ಸ್ಪ್ರಿಂಕ್ಲರ್ ಹಾಕಿದಾಗ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿದರೆ ಹಿಂದಿನ ಪೈಪು ಹೇಗೆ ಬಿಗಿಯಾಗುತ್ತದೆಯೋ ಹಾಗೆಯೇ, ಉಬ್ಬಿದ ನಡುಗೋಡೆಯಿಂದಾಗಿ ರಕ್ತ ಹೊರಹೋಗುವ ದಾರಿ ಕಿರಿದಾದಾಗ ಹೃದಯದೊಳಗಿನ ಒತ್ತಡ ಏರುತ್ತದೆ. ಆ ದಾರಿಯ ಹೆಸರು ಎಲ್‌ವಿಒಟಿ; ದಾರಿಯ ಹಿಂದೆ ಮತ್ತು ಮುಂದೆ ಇರುವ ಒತ್ತಡಗಳ ವ್ಯತ್ಯಾಸವೇ ಗ್ರೇಡಿಯಂಟ್ (ಬಿಪಿಯಂತೆಯೇ ಇದನ್ನೂ ಎಂಎಂಎಚ್‌ಜಿಯಲ್ಲಿ ಅಳೆಯುತ್ತಾರೆ). ಇಲ್ಲಿ ಹೆಬ್ಬೆರಳಿನ ಕೆಲಸ ಮಾಡುವುದು ಗೋಡೆ ಮಾತ್ರವಲ್ಲ. ಪಕ್ಕದ ಮೈಟ್ರಲ್ ಕವಾಟದ ಎಸಳೂ ರಕ್ತದ ಸೆಳೆತಕ್ಕೆ ಸಿಕ್ಕಿ ದಾರಿಗೆ ಅಡ್ಡ ಬರುತ್ತದೆ, ಅದನ್ನೇ ಎಸ್‌ಎಎಂ ಎಂದು ಬರೆದಿರುತ್ತಾರೆ. ಗ್ರೇಡಿಯಂಟ್ 30 ಅಥವಾ ಹೆಚ್ಚಿದ್ದರೆ ‘ಅಡಚಣೆ ಇದೆ’ ಎನ್ನುತ್ತಾರೆ. 50 ಅಥವಾ ಹೆಚ್ಚಿದ್ದು ಮಾತ್ರೆಗಳಿಗೂ ಬಗ್ಗದ ತೊಂದರೆಗಳಿದ್ದರೆ ಶಸ್ತ್ರಚಿಕಿತ್ಸೆಯಂತಹ ಮುಂದಿನ ದಾರಿಯ ಮಾತು ಬರುತ್ತದೆ.

ಎಚ್ಚರಿಕೆ: ವಿಶ್ರಾಂತಿಯಲ್ಲಿ ಅಳೆದ ಗ್ರೇಡಿಯಂಟ್ ಒಂದನ್ನೇ ನಂಬಬೇಡಿ. ಉಸಿರು ಬಿಗಿಹಿಡಿದು ತಿಣುಕುವಾಗ (ಇದೇ ವಲ್ಸಾಲ್ವಾ), ಎದ್ದು ನಿಂತಾಗ, ನಡೆದಾಗ ಅದು ಏರುತ್ತದೆ. ಮಾದರಿ ವರದಿಯಲ್ಲಿ 24 ಇದ್ದದ್ದು 62 ಆಗಿದೆ. ನಿಮ್ಮ ವರದಿಯಲ್ಲಿ ವಲ್ಸಾಲ್ವಾ ಎಂಬ ಪದವೇ ಇಲ್ಲದಿದ್ದರೆ, ಅದನ್ನು ಮಾಡಿ ನೋಡಲಾಗಿದೆಯೇ ಎಂದು ಕೇಳಿ.

ಇನ್ನೊಂದು ತಪ್ಪು ತಿಳಿವಳಿಕೆ ಇಎಫ್ ಬಗ್ಗೆ. ಪ್ರತಿ ಬಡಿತದಲ್ಲಿ ಎಡ ಕೋಣೆಯಿಂದ ಹೊರಹೋಗುವ ರಕ್ತದ ಪಾಲು ಅದು. ‘ಇಎಫ್ 70 ಇದೆ, ಹೃದಯ ಗಟ್ಟಿಯಾಗಿದೆ’ ಎಂದು ಸಮಾಧಾನ ಹೇಳುವವರಿದ್ದಾರೆ. ಈ ಕಾಯಿಲೆಯಲ್ಲಿ ಹೃದಯ ಹಿಂಡುವುದರಲ್ಲಿ ಹಿಂದುಳಿಯುವುದಿಲ್ಲ, ಸಡಿಲಗೊಂಡು ರಕ್ತ ತುಂಬಿಕೊಳ್ಳುವುದರಲ್ಲಿ ಹಿಂದುಳಿಯುತ್ತದೆ. ಆದಕಾರಣ ಒಳ್ಳೆಯ ಇಎಫ್ ಇದ್ದೂ ಏದುಸಿರು ಬರುತ್ತದೆ. ಅದು 50ಕ್ಕಿಂತ ಕೆಳಗಿಳಿದರೆ ಮಾತ್ರ ಗಂಭೀರ.

ಹಂತ 2: ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಳ್ಳಿ

ಗೋಡೆ ದಪ್ಪವಾಗಿರುವವರಿಗೆಲ್ಲ ಎಚ್‌ಸಿಎಂ ಇರುವುದಿಲ್ಲ. ವರ್ಷಗಟ್ಟಲೆ ಹತೋಟಿಯಲ್ಲಿಲ್ಲದ ಬಿಪಿ, ಮಹಾಪಧಮನಿಯ ಕವಾಟ ಕಿರಿದಾಗುವುದು, ಅಮಿಲಾಯ್ಡ್ ಎಂಬ ಅಸಹಜ ಪ್ರೋಟೀನು ಸ್ನಾಯುವಿನಲ್ಲಿ ಸೇರುವುದು, ಫ್ಯಾಬ್ರಿ ಎಂಬ ಅಪರೂಪದ ಆನುವಂಶಿಕ ಕಾಯಿಲೆ, ಇವೆಲ್ಲವೂ ಗೋಡೆಯನ್ನು ದಪ್ಪಗೊಳಿಸುತ್ತವೆ. ಬಿಪಿಯಿಂದಾದಾಗ ಗೋಡೆಗಳು ಸಾಮಾನ್ಯವಾಗಿ ಎಲ್ಲೆಡೆ ಸಮನಾಗಿ ದಪ್ಪಗಾಗುತ್ತವೆ.

ಕೊಡಗಿನಲ್ಲಿ ಇನ್ನೊಂದು ಸಾಧ್ಯತೆಯನ್ನೂ ನೆನಪಿಡಬೇಕು. ಶಾಲಾ ದಿನಗಳಿಂದ ಹಾಕಿ, ಓಟ ಎಂದು ಕಠಿಣ ತರಬೇತಿ ಪಡೆದವರ ಹೃದಯದ ಗೋಡೆಯೂ ಸ್ವಲ್ಪ ದಪ್ಪವಾಗಿರುತ್ತದೆ, ಅದು ಕಾಯಿಲೆಯಲ್ಲ. 13–14 ಮಿ.ಮೀ. ಎಂಬುದು ಎರಡರ ನಡುವಿನ ಅನುಮಾನದ ಪಟ್ಟಿ. ಅಂಥವರಿಗೆ ವೈದ್ಯರು ಕೆಲವು ತಿಂಗಳು ತರಬೇತಿ ನಿಲ್ಲಿಸಿ ಮತ್ತೆ ಎಕೋ ಮಾಡಿಸಲು ಹೇಳಬಹುದು. ಕ್ರೀಡೆಯಿಂದಾದ ದಪ್ಪ ಇಳಿಯುತ್ತದೆ, ಎಚ್‌ಸಿಎಂನ ದಪ್ಪ ಇಳಿಯುವುದಿಲ್ಲ.

ಹಂತ 3: ನೋಟ್‌ಬುಕ್‌ನಲ್ಲಿ ಲಕ್ಷಣಗಳನ್ನು ಬರೆಯಿರಿ

ಏರು ಹತ್ತುವಾಗ ಏದುಸಿರು, ಎದೆಯಲ್ಲಿ ಬಿಗಿತ, ಎದೆ ಡವಡವ ಹೊಡೆದುಕೊಳ್ಳುವುದು, ಕಣ್ಣು ಕತ್ತಲಿಡುವುದು, ಪ್ರಜ್ಞೆ ತಪ್ಪುವುದು ಮುಖ್ಯ ಲಕ್ಷಣಗಳು. ‘ಆಗಾಗ ಸುಸ್ತು’ ಎಂದು ಹೇಳಿದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ‘ಕಣದಿಂದ ಮನೆಯವರೆಗಿನ ಏರನ್ನು ಕಳೆದ ವರ್ಷ ನಿಲ್ಲದೆ ಹತ್ತುತ್ತಿದ್ದೆ, ಈಗ ಎರಡು ಕಡೆ ನಿಲ್ಲಬೇಕು’ ಎಂದು ಬರೆದರೆ ತಿಳಿಯುತ್ತದೆ. ಗುಡ್ಡದ ಊರಿನಲ್ಲಿ ಬಾಳುವ ನಮಗೆ ಇದೊಂದು ಅನುಕೂಲ. ಟ್ರೆಡ್‌ಮಿಲ್ ನಮ್ಮ ಅಂಗಳದಿಂದಲೇ ಶುರುವಾಗುತ್ತದೆ.

ಹೊಟ್ಟೆ ತುಂಬ ಉಂಡ ನಂತರ ನಡೆದಾಗ ಉಸಿರಾಟದ ತೊಂದರೆ ಹೆಚ್ಚುತ್ತದೆಯೇ ಎಂಬುದನ್ನೂ ಬರೆಯಿರಿ. ಅಡಚಣೆ ಇರುವವರಲ್ಲಿ ಇದು ಸಾಮಾನ್ಯ, ಆದರೆ ಬಹಳ ಮಂದಿ ಗ್ಯಾಸ್ಟ್ರಿಕ್ ಎಂದುಕೊಂಡು ತಿಂಗಳುಗಟ್ಟಲೆ ಅದರ ಮಾತ್ರೆ ನುಂಗುತ್ತಾರೆ. ಶ್ರಮದ ನಡುವೆ ಅಥವಾ ಶ್ರಮ ಮುಗಿದ ಕೂಡಲೇ ಒಮ್ಮೆಯಾದರೂ ಪ್ರಜ್ಞೆ ತಪ್ಪಿದ್ದರೆ ಅದನ್ನು ದಿನಾಂಕದೊಂದಿಗೆ ಮೊದಲ ಸಾಲಿನಲ್ಲೇ ಬರೆಯಿರಿ, ಮುಂದಿನ ಭೇಟಿಗಾಗಿ ಕಾಯದೆ ವೈದ್ಯರಿಗೆ ತಿಳಿಸಿ.

ಹಂತ 4: ಉಳಿದ ಪರೀಕ್ಷೆಗಳು

ಹೋಲ್ಟರ್ ಎಂಬುದು 24ರಿಂದ 48 ಗಂಟೆಗಳ ಕಾಲ ಮೈಮೇಲೆ ಕಟ್ಟಿಕೊಳ್ಳುವ ಸಣ್ಣ ಇಸಿಜಿ ಯಂತ್ರ. ನಮಗೆ ಗೊತ್ತಾಗದೆ ಬಂದು ಹೋಗುವ ಅಪಾಯಕಾರಿ ಬಡಿತಗಳನ್ನು ಅದು ಹಿಡಿದಿಡುತ್ತದೆ. ಇಲ್ಲಿ ನಾನು ಕಂಡ ಸಾಮಾನ್ಯ ತಪ್ಪೆಂದರೆ ಯಂತ್ರ ಕಟ್ಟಿಸಿಕೊಂಡ ದಿನ ರಜೆ ಹಾಕಿ ಮನೆಯಲ್ಲಿ ಮಲಗುವುದು. ವೈದ್ಯರು ಬೇಡವೆನ್ನದಿದ್ದರೆ ಎಂದಿನ ಕೆಲಸವನ್ನೇ ಮಾಡಿ. ಹೃದಯದ ಎಂಆರ್‌ಐ ಸ್ನಾಯುವಿನಲ್ಲಿ ಆಗಿರುವ ಕಲೆಗಳನ್ನು, ಅಂದರೆ ಗಾಯ ಒಣಗಿ ಉಳಿದಂತಹ ಗಡಸು ಭಾಗಗಳನ್ನು ತೋರಿಸುತ್ತದೆ. ಹೃದಯದ ತುದಿಭಾಗದಲ್ಲಿ ಮಾತ್ರ ದಪ್ಪವಿದ್ದು ಎಕೋದಲ್ಲಿ ಕಣ್ತಪ್ಪಿದ್ದರೂ ಅದನ್ನು ಹಿಡಿಯುತ್ತದೆ. ಅದರಲ್ಲಿ ಗ್ಯಾಡೋಲಿನಿಯಂ ಎಂಬ ಔಷಧವನ್ನು ರಕ್ತನಾಳಕ್ಕೆ ಕೊಡುವುದರಿಂದ ಮೂತ್ರಪಿಂಡದ ತೊಂದರೆಯಿದ್ದರೆ ಮೊದಲೇ ಹೇಳಿ.

ಇಸಿಜಿ, ಎಕೋ ಹತ್ತಿರದಲ್ಲೇ ಆಗಬಹುದಾದರೂ, ಎಚ್‌ಸಿಎಂ ರೋಗಿಗಳನ್ನು ನಿತ್ಯ ನೋಡುವ ತಜ್ಞರ ಅಭಿಪ್ರಾಯವನ್ನು ಒಮ್ಮೆಯಾದರೂ ಪಡೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮಡಿಕೇರಿಯಿಂದ ಸುಮಾರು 120 ಕಿ.ಮೀ. ದೂರದ ಮೈಸೂರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯಿದೆ, ಮಂಗಳೂರಿನಲ್ಲಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ತುರ್ತಿಲ್ಲದ ಪರೀಕ್ಷೆಗಳನ್ನು ಮಳೆಗಾಲಕ್ಕೆ ಮುಂದೂಡಬೇಡಿ. 2018ರ ಆಗಸ್ಟ್‌ನಲ್ಲಿ ಸಂಪಾಜೆ ದಾರಿ ಕುಸಿದದ್ದು ಯಾರಿಗೂ ಮರೆತಿರಲಾರದು. ಬಿಪಿಎಲ್ ಕುಟುಂಬದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡ್ ಮತ್ತು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ಹೊರಡುವ ಮೊದಲೇ ಸಿದ್ಧಮಾಡಿಕೊಳ್ಳಿ. ಕಾರ್ಡ್ ಇದ್ದೂ ರೆಫರಲ್ ಇಲ್ಲದ ಕಾರಣಕ್ಕೆ ಮೈಸೂರಿನಿಂದ ಹಿಂದಿರುಗಿ ಬರುವುದು ಬೇಡ.

ಹಂತ 5: ಕುಟುಂಬದ ನಕ್ಷೆ ಬರೆಯಿರಿ

ಬಹಳ ಮಂದಿ ಬಿಟ್ಟುಬಿಡುವ ಹಂತವಿದು, ಮತ್ತು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ದೋಷವಿರುವ ವಂಶವಾಹಿ ತಂದೆ ಅಥವಾ ತಾಯಿಯಲ್ಲಿ ಒಬ್ಬರಲ್ಲಿದ್ದರೂ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ. 50, ಗಂಡು ಹೆಣ್ಣೆಂಬ ಭೇದ ಅದಕ್ಕಿಲ್ಲ. ಆದ್ದರಿಂದ ಒಬ್ಬರಿಗೆ ಕಾಯಿಲೆ ಖಚಿತವಾದ ಕೂಡಲೇ ಅವರ ತಂದೆ, ತಾಯಿ, ಒಡಹುಟ್ಟಿದವರು ಮತ್ತು ಮಕ್ಕಳು, ಯಾವ ತೊಂದರೆಯೂ ಇಲ್ಲದಿದ್ದರೂ, ಇಸಿಜಿ ಮತ್ತು ಎಕೋ ಮಾಡಿಸಿಕೊಳ್ಳಬೇಕು.

ನಮ್ಮಲ್ಲಿ ಇದು ಎಡವುವುದು ಎಲ್ಲಿ ಎಂದರೆ ವಂಶಾವಳಿಯಲ್ಲಿ. ಕೊಡವ ಒಕ್ಕಗಳಲ್ಲಾಗಲಿ, ಅರೆಭಾಷೆ ಗೌಡರ ಮನೆತನಗಳಲ್ಲಾಗಲಿ, ಐದಾರು ತಲೆಮಾರುಗಳ ಹೆಸರನ್ನು ಹಿರಿಯರು ಬಾಯಲ್ಲೇ ಹೇಳಬಲ್ಲರು. ಆದರೆ ಅವೆಲ್ಲ ತಂದೆಯ ಸಾಲಿನ ಹೆಸರುಗಳು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮಕ್ಕಳು ಇನ್ನೊಂದು ಮನೆಯ ಲೆಕ್ಕಕ್ಕೆ ಸೇರುತ್ತಾರೆ, ತಾಯಿಯ ತವರಿನವರು ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ವಂಶವಾಹಿಗೆ ಈ ಲೆಕ್ಕ ಗೊತ್ತಿಲ್ಲ. ಆದ್ದರಿಂದ ನೋಟ್‌ಬುಕ್‌ನ ನಡುವಿನ ಎರಡು ಪುಟಗಳನ್ನು ಬಿಡಿಸಿ, ಎಡಕ್ಕೆ ತಂದೆಯ ಕಡೆಯವರನ್ನೂ ಬಲಕ್ಕೆ ತಾಯಿಯ ಕಡೆಯವರನ್ನೂ ಬರೆಯಿರಿ. ಸೋದರಮಾವ, ಸೋದರತ್ತೆ, ದೊಡ್ಡಮ್ಮ, ಚಿಕ್ಕಮ್ಮ, ಅವರ ಮಕ್ಕಳು ಎಲ್ಲರೂ ಇರಲಿ. ಪ್ರತಿ ಹೆಸರಿನ ಕೆಳಗೆ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ: ಐವತ್ತರೊಳಗೆ ಹಠಾತ್ತನೆ ತೀರಿಕೊಂಡರೇ? ಪ್ರಜ್ಞೆ ತಪ್ಪುತ್ತಿತ್ತೇ? ಪೇಸ್‌ಮೇಕರ್ ಅಥವಾ ಅಂತಹ ಯಂತ್ರ ಇತ್ತೇ?

ಎರಡನೆಯ ಪ್ರಶ್ನೆ ಕೇಳುವಾಗ ತಾಳ್ಮೆಯಿರಲಿ. ‘ಅವನಿಗೆ ಫಿಟ್ಸ್ ಇತ್ತು’, ‘ಹೊಳೆಯಲ್ಲಿ ಈಜಲು ಹೋಗಿ ಮುಳುಗಿದ’, ‘ಮರದಿಂದ ಬಿದ್ದ’ ಎಂಬ ಉತ್ತರಗಳನ್ನೂ ಬರೆದುಕೊಳ್ಳಿ. ಈಜು ಬಲ್ಲ ಇಪ್ಪತ್ತರ ಹುಡುಗ ಮುಳುಗಿದ್ದಕ್ಕೆ, ನುರಿತವರು ಏಣಿಯಿಂದ ಬಿದ್ದದ್ದಕ್ಕೆ ಹೃದಯದ ಬಡಿತ ತಪ್ಪಿದ್ದೂ ಕಾರಣವಾಗಿರಬಹುದು. ಎಲ್ಲವೂ ಹಾಗೇ ಇರುತ್ತದೆಂದಲ್ಲ, ಆದರೆ ತೂಗಿನೋಡುವ ಕೆಲಸ ವೈದ್ಯರಿಗಿರಲಿ.

ಒಮ್ಮೆ ಎಕೋ ಸರಿಯಿದ್ದರೆ ಜೀವಮಾನವಿಡೀ ಸರಿಯೆಂದು ಭಾವಿಸುವುದು ಎರಡನೆಯ ಎಡವು. ಸ್ನಾಯು ದಪ್ಪಗಾಗುವುದು ಅನೇಕರಲ್ಲಿ ಹರೆಯದಲ್ಲಿ, ಕೆಲವರಲ್ಲಿ ನಡುವಯಸ್ಸಿನ ನಂತರ ಶುರುವಾಗುತ್ತದೆ. ಹತ್ತಿರದ ರಕ್ತಸಂಬಂಧಿಗಳಲ್ಲಿ ಮಕ್ಕಳಿಗೆ 1–2 ವರ್ಷಕ್ಕೊಮ್ಮೆ, ವಯಸ್ಕರಿಗೆ 3–5 ವರ್ಷಕ್ಕೊಮ್ಮೆ ಮರುಪರೀಕ್ಷೆ ಬೇಕಾಗುತ್ತದೆ.

ವಂಶವಾಹಿ ಪರೀಕ್ಷೆಯನ್ನು ಮೊದಲು ಮಾಡಿಸಬೇಕಾದದ್ದು ಕಾಯಿಲೆ ಇರುವವರಿಗೆ. ಅವರಲ್ಲಿ ಖಚಿತವಾದ ದೋಷ ಸಿಕ್ಕರೆ ಮಾತ್ರ ಉಳಿದವರಲ್ಲಿ ಅದೇ ದೋಷವನ್ನು ಹುಡುಕಬಹುದು; ಅದು ಇಲ್ಲದವರು ಮತ್ತೆ ಮತ್ತೆ ಎಕೋ ಮಾಡಿಸುವುದರಿಂದ ಬಿಡುಗಡೆ ಹೊಂದುತ್ತಾರೆ. ಕಾಯಿಲೆ ಇರುವವರಲ್ಲೇ ಏನೂ ಸಿಗದಿದ್ದರೆ, ಅದು ಮನೆಯವರಿಗೆ ಕಾಯಿಲೆ ಇಲ್ಲವೆಂಬ ಪ್ರಮಾಣಪತ್ರವಲ್ಲ. ಎಂವೈಬಿಪಿಸಿ3 ಎಂಬ ವಂಶವಾಹಿಯಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ಒಂದು ಬದಲಾವಣೆ ದಕ್ಷಿಣ ಏಷ್ಯಾದವರಲ್ಲಿ ಸುಮಾರು ಶೇ. 4ರಷ್ಟು ಮಂದಿಯಲ್ಲಿದೆ ಎಂದು 2009ರಲ್ಲಿ ಪ್ರಕಟವಾಯಿತು. ಅದು ವರದಿಯಲ್ಲಿ ಕಂಡ ಮಾತ್ರಕ್ಕೆ ಕಾಯಿಲೆ ಬಂದೇ ಬರುತ್ತದೆ ಎಂದಲ್ಲ. ವಂಶವಾಹಿ ಸಲಹೆಗಾರರಿಂದ ಅರ್ಥ ತಿಳಿಯದೆ ಮದುವೆ ಮಾತುಕತೆಯವರೆಗೆ ಅದನ್ನು ಎಳೆಯಬೇಡಿ.

ಹಂತ 6: ಮಾತ್ರೆಗಳು, ಅದರಲ್ಲೂ ನುಂಗಬಾರದ ಮಾತ್ರೆಗಳು

ಚಿಕಿತ್ಸೆ ಸಾಮಾನ್ಯವಾಗಿ ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್‌ನಂತಹ ಬೀಟಾ ಬ್ಲಾಕರ್‌ಗಳಿಂದ ಆರಂಭವಾಗುತ್ತದೆ. ಇವು ಬಡಿತವನ್ನು ನಿಧಾನಗೊಳಿಸಿ ಹೃದಯಕ್ಕೆ ರಕ್ತ ತುಂಬಿಕೊಳ್ಳಲು ಸಮಯ ಕೊಡುತ್ತವೆ. ಆಗದವರಿಗೆ ವೆರಾಪಮಿಲ್‌ನಂತಹ ಬೇರೆ ಮಾತ್ರೆಗಳಿವೆ. ಸ್ನಾಯುವಿನ ಅತಿಯಾದ ಹಿಂಡುವಿಕೆಯನ್ನೇ ತಗ್ಗಿಸುವ ಮವಾಕ್ಯಾಮ್ಟೆನ್ ಎಂಬ ಹೊಸ ಔಷಧಕ್ಕೆ ಅಮೆರಿಕದಲ್ಲಿ 2022ರಲ್ಲಿ ಅನುಮತಿ ಸಿಕ್ಕಿತು. ಅದನ್ನು ತೆಗೆದುಕೊಳ್ಳುವವರು ಮೇಲಿಂದ ಮೇಲೆ ಎಕೋ ಮಾಡಿಸಬೇಕು, ಏಕೆಂದರೆ ಇಎಫ್ ಕುಸಿಯಬಹುದು. ಬೀಟಾ ಬ್ಲಾಕರನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ. ಆದ್ದರಿಂದ ದಾರಿ ಬಂದ್ ಆಗುವ ಜೂನ್–ಆಗಸ್ಟ್‌ನಲ್ಲಿ ಕನಿಷ್ಠ ಒಂದು ತಿಂಗಳ ಮಾತ್ರೆ ಮನೆಯಲ್ಲಿರಲಿ.

ಈಗ ನಿಜವಾದ ಎಚ್ಚರಿಕೆ. ಎದೆನೋವೆಂದ ಕೂಡಲೇ ನಾಲಿಗೆಯಡಿ ಸಾರ್ಬಿಟ್ರೇಟ್ ಇಡುವುದು ನಮ್ಮ ಮನೆಗಳಲ್ಲಿ ರೂಢಿ. ಅಡಚಣೆಯಿರುವ ಎಚ್‌ಸಿಎಂನಲ್ಲಿ ಅದು ರಕ್ತನಾಳಗಳನ್ನು ಹಿಗ್ಗಿಸಿ, ಹೃದಯಕ್ಕೆ ಮರಳುವ ರಕ್ತವನ್ನು ಕಡಿಮೆ ಮಾಡಿ, ಕಿರಿದಾದ ದಾರಿಯನ್ನು ಇನ್ನೂ ಕಿರಿದಾಗಿಸುತ್ತದೆ. ಬಿಪಿ ಕುಸಿದು ರೋಗಿ ಬೀಳಬಹುದು. ಅದೇ ಕಾರಣಕ್ಕೆ ಬಿಪಿಗೆಂದು ಕೊಡುವ ಆಮ್ಲೋಡಿಪಿನ್, ನಿಫೆಡಿಪಿನ್, ಮೂತ್ರ ಹೆಚ್ಚಿಸುವ ಮಾತ್ರೆಗಳ ಹೆಚ್ಚಿನ ಪ್ರಮಾಣ, ಸಿಲ್ಡೆನಾಫಿಲ್ ಇವೆಲ್ಲ ಅಡಚಣೆ ಇರುವವರಿಗೆ ತೊಂದರೆ ಕೊಡುತ್ತವೆ. ಇವುಗಳಲ್ಲಿ ಯಾವುದನ್ನಾದರೂ ಈಗಾಗಲೇ ನುಂಗುತ್ತಿದ್ದರೆ ನೀವಾಗಿಯೇ ನಿಲ್ಲಿಸದೆ, ತಡಮಾಡದೆ ಹೃದ್ರೋಗ ತಜ್ಞರನ್ನು ಕೇಳಿ. ‘ಅಡಚಣೆಯಿರುವ ಎಚ್‌ಸಿಎಂ’ ಎಂದು ಬರೆದ ಚೀಟಿಯೊಂದು ಪರ್ಸಿನಲ್ಲಿರಲಿ. ಹಲ್ಲು ಕೀಳಿಸಲು ಹೋದಾಗಲೂ, ಅರಿವಳಿಕೆ ಕೊಡುವ ಯಾವುದೇ ಶಸ್ತ್ರಚಿಕಿತ್ಸೆಗೆ ಹೋದಾಗಲೂ ಅದನ್ನು ತೋರಿಸಿ.

ಹೃದಯದ ಮೇಲಿನ ಕೋಣೆಗಳು ತಾಳತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಶನ್ ಕಾಣಿಸಿಕೊಂಡರೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಕೊಡುತ್ತಾರೆ. ಎಚ್‌ಸಿಎಂ ಇರುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಹೆಚ್ಚಾದ್ದರಿಂದ ‘ವಯಸ್ಸು ಚಿಕ್ಕದು’ ಎಂದು ಅದನ್ನು ಬಿಡಬಾರದು.

ಹಂತ 7: ಐಸಿಡಿ ಮತ್ತು ಶಸ್ತ್ರಚಿಕಿತ್ಸೆಯ ಮಾತು ಬಂದರೆ

ಎರಡೂ ಬೇರೆ ಬೇರೆ ಉದ್ದೇಶದವು. ಐಸಿಡಿ ಎಂಬುದು ಚರ್ಮದಡಿ ಇಡುವ ಯಂತ್ರ. ಮಾರಕವಾದ ಬಡಿತ ಬಂದಾಗ ಒಳಗಿನಿಂದಲೇ ಶಾಕ್ ಕೊಟ್ಟು ಜೀವ ಉಳಿಸುತ್ತದೆ, ಉಸಿರಾಟದ ತೊಂದರೆಯನ್ನು ಕಡಿಮೆ ಮಾಡುವುದಿಲ್ಲ. ಒಮ್ಮೆ ಹೃದಯ ನಿಂತು ಬದುಕಿದವರಿಗೆ ಅದು ಬೇಕೇಬೇಕು. ಗೋಡೆ 30 ಮಿ.ಮೀ. ಮುಟ್ಟಿರುವುದು, ಕುಟುಂಬದಲ್ಲಿ ಎಳೆವಯಸ್ಸಿನ ಹಠಾತ್ ಸಾವು, ಕಾರಣ ತಿಳಿಯದೆ ಪ್ರಜ್ಞೆ ತಪ್ಪಿದ್ದು, ಹೋಲ್ಟರ್‌ನಲ್ಲಿ ಅಪಾಯಕಾರಿ ಬಡಿತ, ಎಂಆರ್‌ಐನಲ್ಲಿ ವ್ಯಾಪಕ ಕಲೆ, ಇಎಫ್ 50ಕ್ಕಿಂತ ಕಡಿಮೆ, ಇವನ್ನು ತೂಗಿನೋಡಿ ಉಳಿದವರ ಬಗ್ಗೆ ನಿರ್ಧರಿಸುತ್ತಾರೆ. ಕುಟುಂಬದ ನಕ್ಷೆ ಬೇಕಾಗುವುದು ಇಲ್ಲಿಯೇ.

ಅಡಚಣೆಗೆ ಎರಡು ದಾರಿ. ಎದೆ ತೆರೆದು ಉಬ್ಬಿದ ಸ್ನಾಯುವನ್ನು ಕೆತ್ತಿ ತೆಗೆಯುವುದು ಮಯೆಕ್ಟಮಿ. ತೊಡೆಸಂದಿನ ಅಥವಾ ಕೈಯ ರಕ್ತನಾಳದ ಮೂಲಕ ತೆಳು ಕೊಳವೆ ತೂರಿಸಿ, ನಡುಗೋಡೆಯ ಸಣ್ಣ ರಕ್ತನಾಳಕ್ಕೆ ಕೆಲವೇ ಮಿ.ಲೀ. ಶುದ್ಧ ಆಲ್ಕೋಹಾಲ್ ಬಿಟ್ಟು ಅಷ್ಟು ಭಾಗವನ್ನು ಕುಗ್ಗಿಸುವುದು ಸೆಪ್ಟಲ್ ಅಬ್ಲೇಶನ್. ಇದರ ನಂತರ ಕೆಲವರಿಗೆ ಪೇಸ್‌ಮೇಕರ್ ಬೇಕಾಗುತ್ತದೆ. (ಇದನ್ನು ಕೇಳಿ ‘ಹಾಗಾದರೆ ದಿನಕ್ಕೊಂದು ಪೆಗ್ ಒಳ್ಳೆಯದಲ್ಲವೇ’ ಎನ್ನುವವರು ಪ್ರತಿ ಊರಿನಲ್ಲೂ ಒಬ್ಬರಿರುತ್ತಾರೆ. ಕುಡಿದ ಮದ್ಯ ರಕ್ತನಾಳ ಹಿಗ್ಗಿಸಿ ಅಡಚಣೆಯನ್ನು ಹೆಚ್ಚಿಸುತ್ತದೆ.) ಎರಡಕ್ಕೂ ನುರಿತ ಕೈ ಬೇಕು, ಈ ಕಾಯಿಲೆಗೆ ಇದನ್ನು ಎಷ್ಟು ಮಂದಿಗೆ ಮಾಡಿದ್ದೀರಿ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ.

ಐಸಿಡಿ ಇಡಿಸಿಕೊಳ್ಳುವ ಕೊಡಗಿನವರು ಮೊದಲೇ ಹೇಳಬೇಕಾದ ಮೂರು ಸಂಗತಿಗಳಿವೆ. ನೀವು ಕೋವಿಯನ್ನು ಯಾವ ಹೆಗಲಿಗೆ ಇಟ್ಟು ಗುಂಡು ಹಾರಿಸುತ್ತೀರಿ? ಯಂತ್ರವನ್ನು ಸಾಮಾನ್ಯವಾಗಿ ಎಡಗಡೆ ಇಡುತ್ತಾರೆ, ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನಂದು ತೆಂಗಿನಕಾಯಿಗೆ ಗುರಿಯಿಡುವಾಗ ಹಿಂದೊದೆತ ಅದರ ಮೇಲೆಯೇ ಬಿದ್ದರೆ ತಂತಿ ಹಾಳಾಗಬಹುದು. ತೋಟಕ್ಕೆ ಆನೆ ತಡೆಯುವ ಸೋಲಾರ್ ಬೇಲಿಯಿದೆಯೇ? ಅದನ್ನು ಮುಟ್ಟಬಾರದು, ರಿಪೇರಿಗೆ ಬೇರೆಯವರನ್ನು ಕಳುಹಿಸಿ. ಮರ ಕೊಯ್ಯುವ ಚೈನ್‌ಸಾ, ಕಳೆ ಹೊಡೆಯುವ ಯಂತ್ರ ಹಿಡಿಯುತ್ತೀರಾ? ಎಂಜಿನ್ ಎದೆಯಿಂದ ಎಷ್ಟು ದೂರವಿರಬೇಕೆಂದು ಐಸಿಡಿಯ ಕೈಪಿಡಿಯಲ್ಲಿರುತ್ತದೆ, ಅದನ್ನು ಕೇಳಿ ಪಡೆಯಿರಿ.

ಹಂತ 8: ತೋಟ, ಮೈದಾನ, ಮನೆ

ನೀರು ಕಡಿಮೆಯಾದರೆ ಅಡಚಣೆ ಹೆಚ್ಚುತ್ತದೆ. ಭೇದಿ, ಜ್ವರ ಬಂದ ದಿನ, ಬಿಸಿಲಿನಲ್ಲಿ ಕಾಫಿ ಕೊಯ್ಯುವ ದಿನ ಬಾಯಾರುವ ಮೊದಲೇ ಕುಡಿಯಿರಿ. ತಲೆ ತಿರುಗಿದರೆ ನಿಂತೇ ಸುಧಾರಿಸಿಕೊಳ್ಳಲು ನೋಡದೆ ಅಲ್ಲೇ ಕುಕ್ಕರಗಾಲಲ್ಲಿ ಕುಳಿತುಕೊಳ್ಳಿ ಅಥವಾ ಕಾಲು ಎತ್ತರಿಸಿ ಮಲಗಿ. ಪ್ರಜ್ಞೆ ತಪ್ಪಿದ ಇತಿಹಾಸವಿದ್ದರೆ ಒಂಟಿ ಬಿದಿರಿನ ಏಣಿ ಹತ್ತಿ ಮೆಣಸು ಕೊಯ್ಯುವುದು ನಿಮ್ಮ ಕೆಲಸವಲ್ಲ. ಕೂಲಿಯಾಳಿಗೆ ಕಾಯಿಲೆ ಇದೆಯೆಂದು ತಿಳಿದ ತೋಟದ ಮಾಲೀಕರು ಅವರನ್ನು ನೆಲದ ಕೆಲಸಕ್ಕೆ ಬದಲಿಸಬೇಕು, ಕೆಲಸದಿಂದ ತೆಗೆಯಬಾರದು.

ಹಿಂದೆ ಬಹುತೇಕ ಸ್ಪರ್ಧಾತ್ಮಕ ಆಟೋಟಗಳನ್ನು ತಜ್ಞರು ಬೇಡವೆನ್ನುತ್ತಿದ್ದರು. 2024ರ ಅಮೆರಿಕದ ತಜ್ಞರ ಮಾರ್ಗಸೂಚಿ ಹಗುರ ಮತ್ತು ಮಧ್ಯಮ ವ್ಯಾಯಾಮ ಬಹುತೇಕರಿಗೆ ಒಳ್ಳೆಯದೆಂದು ಹೇಳುತ್ತದೆ. ಸ್ಪರ್ಧಾತ್ಮಕ ಆಟದ ವಿಷಯವನ್ನು ಅಪಾಯ ಅಳೆದು, ತಜ್ಞರೊಂದಿಗೆ ಕುಳಿತು ನಿರ್ಧರಿಸಬೇಕು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಆರಂಭಿಸಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ಒಂದೇ ಒಕ್ಕದ ಹಿರಿಯರು, ಕಿರಿಯರು ಒಂದೇ ತಂಡದಲ್ಲಿ ಬೇಸಿಗೆಯ ಬಿಸಿಲಿನಲ್ಲಿ ಓಡುತ್ತಾರೆ. ಆ ಒಕ್ಕದ ಒಬ್ಬರಿಗೆ ಎಚ್‌ಸಿಎಂ ಖಚಿತವಾಗಿದ್ದರೆ, ಜೆರ್ಸಿ ಹೊಲಿಸುವ ಮೊದಲು ಅವರ ಹತ್ತಿರದ ರಕ್ತಸಂಬಂಧಿಗಳ ಎಕೋ ಮುಗಿದಿರಲಿ.

ಗರ್ಭ ಧರಿಸಲು ಬಯಸುವ ಮಹಿಳೆಯರು ಮೊದಲೇ ಹೃದ್ರೋಗ ತಜ್ಞರನ್ನು ಕಾಣಬೇಕು. ಹೆಚ್ಚಿನವರ ಹೆರಿಗೆ ಸುಗಮವಾಗಿಯೇ ಆಗುತ್ತದೆ, ಆದರೆ ಅದು ತಜ್ಞರಿರುವ ಆಸ್ಪತ್ರೆಯಲ್ಲಾಗಲಿ.

ಕೊನೆಯದಾಗಿ, ಮನೆಯಲ್ಲಿ ಕನಿಷ್ಠ ಇಬ್ಬರು ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸುವ ಕ್ರಮ) ಕಲಿತಿರಲಿ. ಕುಸಿದು ಬಿದ್ದವರು ಕೂಗಿದರೂ ಓಗೊಡದೆ, ಸಹಜವಾಗಿ ಉಸಿರಾಡದೆ ಇದ್ದರೆ ನೀರು ಕುಡಿಸಲು, ಕೈಗೆ ಕಬ್ಬಿಣ ಕೊಡಲು ಹೋಗಬೇಡಿ. ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಎದೆಯ ನಡುವಿನ ಮೂಳೆಯ ಕೆಳ ಅರ್ಧಭಾಗದಲ್ಲಿ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ಸುಮಾರು 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಲಿ; ಒತ್ತುವವರು ಎರಡು ನಿಮಿಷಕ್ಕೊಮ್ಮೆ ಬದಲಾಗಲಿ. ಒಳರಸ್ತೆಯ ಮನೆಗಳಿಗೆ ಆಂಬುಲೆನ್ಸ್ ಬರುವುದು ತಡವಾಗುವುದರಿಂದ, ಮೂರನೆಯವರು ಟಾರ್ಚ್ ಹಿಡಿದು ಮುಖ್ಯರಸ್ತೆಯ ತಿರುವಿನಲ್ಲಿ ನಿಲ್ಲಲಿ.